ಸಾಲು 23ರ ಒಂದು ಪದ: ಮಸೂದೆ ಅಂಗೀಕಾರದ ದಿನ ನಾನು ಮಾಡಿದ ಕೆಲಸ

ಲೋಕಸಭೆಯ ಸದಸ್ಯರೊಬ್ಬರಿಗೆ ಶಾಸನ ಸಹಾಯಕನಾಗಿ ದುಡಿದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಶ್ರಮ ಹಾಕಿದ್ದು ಭಾಷಣಗಳಿಗಲ್ಲ, ತಿದ್ದುಪಡಿ ಸೂಚನೆಗಳಿಗೆ. ಭಾಷಣವನ್ನು ಸಭೆ ಕೇಳಿಸಿಕೊಂಡು ಸುಮ್ಮನಿರಬಹುದು. ಮಂಡನೆಯಾದ ತಿದ್ದುಪಡಿಗೆ ಮಾತ್ರ ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾಗುತ್ತದೆ. ಅಂಥ ಒಂದು ತಿದ್ದುಪಡಿಗಾಗಿ ಕಳೆದ ಒಂದೂವರೆ ದಿನದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಸದಸ್ಯರ ಗುರುತು ಇಲ್ಲಿ ಮುಖ್ಯವಲ್ಲದ್ದರಿಂದ ಮಸೂದೆಯ ಹೆಸರನ್ನು ಹೇಳುತ್ತಿಲ್ಲ.

ಆ ಮಸೂದೆಯ ಒಂದು ಖಂಡವು ಸಣ್ಣ ವ್ಯಾಪಾರಿಗಳ ನೋಂದಣಿಯನ್ನು ರದ್ದುಪಡಿಸುವ ಅಧಿಕಾರವನ್ನು ಅಧಿಕಾರಿಯೊಬ್ಬರಿಗೆ ಕೊಟ್ಟಿತ್ತು. ರದ್ದುಪಡಿಸುವ ಮುನ್ನ ಬಾಧಿತ ವ್ಯಕ್ತಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ‘ನೀಡಬಹುದು’ ಎಂಬ ಅರ್ಥದ ಮಾತು ಅದರಲ್ಲಿತ್ತು. ನಮ್ಮ ಕನ್ನಡ ಶಾಸನಭಾಷೆಯಲ್ಲಿ ‘ಬಹುದು’ ಮತ್ತು ‘ತಕ್ಕದ್ದು’ ಎಂಬ ರೂಪಗಳಿಗೆ ಎಷ್ಟು ಅಂತರವಿದೆಯೋ ಇಂಗ್ಲಿಷ್ ಪಠ್ಯದ ‘ಮೇ’ ಮತ್ತು ‘ಶಲ್’ ಪದಗಳಿಗೂ ಅಷ್ಟೇ ಅಂತರವಿದೆ. ‘ನೀಡಬಹುದು’ ಎಂದರೆ ಅಧಿಕಾರಿಯ ಮರ್ಜಿ. ‘ನೀಡತಕ್ಕದ್ದು’ ಎಂದರೆ ಎದುರಿಗೆ ನಿಂತವನ ಹಕ್ಕು. ನ್ಯಾಯಾಲಯಗಳು ಕೆಲವೊಮ್ಮೆ ‘ಬಹುದು’ ಎಂಬುದನ್ನೇ ಕಡ್ಡಾಯವೆಂದು ಅರ್ಥೈಸಿದ್ದುಂಟು. ಆದರೆ ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿಯಿಲ್ಲದ ಅಂಗಡಿಯವನಿಗೆ ಅದರಿಂದ ಏನೂ ಒದಗುವುದಿಲ್ಲ. ಆ ಪದವನ್ನು ಮಸೂದೆಯ ಹಂತದಲ್ಲಿಯೇ ಬದಲಿಸಬೇಕು ಎಂದು ನಮ್ಮ ಸಂಸದರಿಗೂ ಅನ್ನಿಸಿತು.

ತಿದ್ದುಪಡಿಯ ಒಕ್ಕಣೆ ಒಂದೇ ಸಾಲಿನದು: ಇಂತಿಷ್ಟನೇ ಪುಟ, ಇಂತಿಷ್ಟನೇ ಸಾಲು, ಈ ಪದಕ್ಕೆ ಬದಲಾಗಿ ಈ ಪದವನ್ನು ಪ್ರತಿಯೋಜಿಸುವುದು. ಕಾರಣ, ವಾದ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಲೋಕಸಭೆಯ ನಿಯಮ 79ರ ಪ್ರಕಾರ ಮಸೂದೆಯ ಪರ್ಯಾಲೋಚನೆಗೆ ಒಂದು ದಿನ ಮೊದಲು ಸೂಚನೆ ಕೊಡದಿದ್ದರೆ ಯಾವ ಸದಸ್ಯರು ಬೇಕಾದರೂ ಆಕ್ಷೇಪವೆತ್ತಬಹುದು. ನಿಯಮ 80ರ ಪ್ರಕಾರ ತಿದ್ದುಪಡಿಯು ಮಸೂದೆಯ ವ್ಯಾಪ್ತಿಯೊಳಗೆ ಇರಬೇಕು, ಮತ್ತು ಅದರಿಂದ ಖಂಡದ ವಾಕ್ಯವು ಅರ್ಥಹೀನವೋ ವ್ಯಾಕರಣದೋಷವುಳ್ಳದ್ದೋ ಆಗಬಾರದು. ಶಾಸನಸಭೆಯೊಂದು ವ್ಯಾಕರಣವನ್ನು ನಿಯಮವಾಗಿ ಬರೆದಿಟ್ಟುಕೊಂಡಿರುವುದು ನನಗೆ ಇಂದಿಗೂ ಗೌರವ ಹುಟ್ಟಿಸುವ ಸಂಗತಿ.

ಮಸೂದೆಯ ಮುದ್ರಿತ ಪ್ರತಿಯ ಅಂಚಿನಲ್ಲಿ ಐದೈದು ಸಾಲಿಗೊಮ್ಮೆ ಮಾತ್ರ ಸಂಖ್ಯೆ ಇರುತ್ತದೆ. ನಡುವಿನ ಸಾಲುಗಳನ್ನು ನಾವೇ ಎಣಿಸಿಕೊಳ್ಳಬೇಕು. ನಾನು ಎಣಿಸಿ, ಸದಸ್ಯರ ಸಹಿ ಹಾಕಿಸಿ ಸೂಚನೆಯನ್ನು ಸಲ್ಲಿಸಿದೆ. ಆದರೆ ಆ ಮಸೂದೆ ಎರಡೂ ಸದನಗಳ ಸದಸ್ಯರಿರುವ ಜಂಟಿ ಸಮಿತಿಗೆ ಹೋಗಿ ಬಂದಿತ್ತು. ಸಭೆಯ ಮುಂದೆ ಬರುವುದು ಸಮಿತಿ ವರದಿ ಮಾಡಿದ ರೂಪವೇ ಹೊರತು ಮೊದಲು ಮಂಡಿಸಿದ ರೂಪವಲ್ಲ. ನನ್ನ ಮೇಜಿನ ಮೇಲಿದ್ದದ್ದು ಹಳೆಯ ಪ್ರತಿ. ಸಾಲುಗಳು ತಾಳೆಯಾಗುತ್ತಿಲ್ಲ ಎಂದು ಲೋಕಸಭೆಯ ಸಚಿವಾಲಯದಿಂದ ಕರೆ ಬಂದಾಗ ಸಂಜೆಯಾಗಿತ್ತು. ಕೂಡಲೇ ಹೊಸ ಪ್ರತಿಯನ್ನು ತೆರೆದೆ. ಸಮಿತಿ ಸೇರಿಸಿದ ಮಾತುಗಳ ಕೆಳಗೆ ಗೆರೆ, ತೆಗೆದುಹಾಕಿದ ಕಡೆ ನಕ್ಷತ್ರ ಚಿಹ್ನೆಗಳು ಇದ್ದವು. ಒಂದು ಉಪಖಂಡ ಹೊಸದಾಗಿ ಸೇರಿದ್ದರಿಂದ ನಮ್ಮ ಪದ ಕೆಳಗಿಳಿದು ಪುಟ 6ರ 23ನೆಯ ಸಾಲಿಗೆ ಬಂದಿತ್ತು. ಪುಟದ ಮೇಲೆ ಅಡ್ಡಪಟ್ಟಿಯನ್ನಿಟ್ಟು 20ರಿಂದ ಕೆಳಕ್ಕೆ ಮೂರು ಬಾರಿ ಎಣಿಸಿದೆ. ಹಿಂದಿ ಪ್ರತಿಯ ಅದೇ ಖಂಡವನ್ನೂ ಓದಿ ನೋಡಿದೆ. ತಿದ್ದಿದ ಸೂಚನೆ ಕಾಲಮಿತಿಯೊಳಗೆ ತಲುಪಿ, ರಾತ್ರಿ ಹೊತ್ತಿಗೆ ತಿದ್ದುಪಡಿಗಳ ಪಟ್ಟಿಯಲ್ಲಿ ಸಂಖ್ಯೆ ಪಡೆದುಕೊಂಡಿತು. ಮರುದಿನದ ಕಾರ್ಯಕಲಾಪ ಪಟ್ಟಿಯಲ್ಲಿ ಮಸೂದೆಯ ಹೆಸರನ್ನು ಕಂಡ ಮೇಲೆಯೇ ನಾನು ಊಟಕ್ಕೆ ಎದ್ದದ್ದು.

ಮರುದಿನ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ ಅವಧಿ ಆರಂಭವಾಯಿತು. ಪಟ್ಟಿಯಲ್ಲಿ ಚುಕ್ಕೆ ಗುರುತಿನ 20 ಪ್ರಶ್ನೆಗಳಿದ್ದರೂ ಒಂದು ಗಂಟೆಯಲ್ಲಿ ಮೌಖಿಕ ಉತ್ತರ ಸಿಗುವುದು ಬೆರಳೆಣಿಕೆಯಷ್ಟಕ್ಕೆ ಮಾತ್ರ. 12ಕ್ಕೆ ಕಾಗದಪತ್ರಗಳ ಮಂಡನೆ, ಶೂನ್ಯ ವೇಳೆ, ಆಮೇಲೆ ಭೋಜನ ವಿರಾಮ. ಇವುಗಳಲ್ಲಿ ನನಗೆ ಆ ದಿನ ಕೆಲಸವಿರಲಿಲ್ಲ. ಸೌತ್ ಅವೆನ್ಯೂದ ಸಂಸದರ ಫ್ಲ್ಯಾಟಿನಲ್ಲಿ ಟಿವಿಯ ಮುಂದೆ ಮಸೂದೆಯ ಪ್ರತಿಯನ್ನು ಹಿಡಿದು ಕುಳಿತಿದ್ದೆ.

ಮಧ್ಯಾಹ್ನದ ನಂತರ ಚರ್ಚೆ ಆರಂಭವಾಯಿತು. ಕಲಾಪ ಸಲಹಾ ಸಮಿತಿ ನಿಗದಿ ಮಾಡಿದ ಸಮಯವನ್ನು ಪಕ್ಷಗಳ ಬಲಕ್ಕೆ ಅನುಗುಣವಾಗಿ ಹಂಚಲಾಗುತ್ತದೆ. ನಮ್ಮವರ ಪಾಲಿಗೆ ಬಂದದ್ದು ಐದು ನಿಮಿಷ. ಅವರು ಕನ್ನಡದಲ್ಲಿಯೇ ಮಾತನಾಡಿದರು. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಸಮರ್ಪಕವಾಗಿ ಹೇಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು ಸಂವಿಧಾನದ 120ನೆಯ ಅನುಚ್ಛೇದ ಹೇಳುತ್ತದೆ. ಭಾಷಾಂತರಕಾರರಿಗೆ ಅನುಕೂಲವಾಗಲೆಂದು ನಾನು ವಾಕ್ಯಗಳನ್ನು ಚಿಕ್ಕದಾಗಿ ಬರೆದಿದ್ದೆ. ಐದು ನಿಮಿಷದಲ್ಲಿ ನಾಲ್ಕನ್ನು ಅವರು ಆ ಒಂದು ಪದಕ್ಕೇ ಮೀಸಲಿಟ್ಟರು. ಇದು ಸರಿಯಾದ ನಿರ್ಧಾರವೆಂದು ಈಗಲೂ ನಂಬಿದ್ದೇನೆ, ಏಕೆಂದರೆ ಹತ್ತು ವಿಷಯ ಎತ್ತಿದವರಿಗೆ ಸಚಿವರು ತಮಗೆ ಸುಲಭವೆನಿಸಿದ ಎರಡಕ್ಕೆ ಉತ್ತರಿಸಿ ಕುಳಿತುಕೊಳ್ಳಬಹುದು.

ಸಚಿವರು ತಮ್ಮ ಉತ್ತರದಲ್ಲಿ ನಮ್ಮವರ ಹೆಸರು ಹೇಳಿ, ಖಂಡವನ್ನು ಬದಲಿಸುವ ಅಗತ್ಯವಿಲ್ಲ, ಅಹವಾಲು ಕೇಳುವ ವಿಧಾನವನ್ನು ಕಾಯಿದೆಯಡಿ ಸರ್ಕಾರ ರೂಪಿಸುವ ನಿಯಮಗಳಲ್ಲಿ ಸೇರಿಸಲಾಗುವುದು ಎಂದರು. ನಾನು ಗಡಿಯಾರ ನೋಡಿ ಆ ಮಾತನ್ನೂ ವೇಳೆಯನ್ನೂ ಬರೆದುಕೊಂಡೆ.

ಬಳಿಕ ಖಂಡವಾರು ಪರಿಶೀಲನೆ. ತಿದ್ದುಪಡಿಗಳಿಲ್ಲದ ಖಂಡಗಳನ್ನು ಒಟ್ಟಾಗಿ ಮತಕ್ಕೆ ಹಾಕಲಾಯಿತು. ನಮ್ಮ ಖಂಡ ಬಂದಾಗ ಪೀಠದಿಂದ ಸದಸ್ಯರ ಹೆಸರು ಕರೆದು, ತಿದ್ದುಪಡಿಯನ್ನು ಮಂಡಿಸುತ್ತೀರಾ ಎಂದು ಕೇಳಿದರು. ಆ ಹೊತ್ತಿಗೆ ಸದಸ್ಯರು ಸ್ಥಾನದಲ್ಲಿ ಇಲ್ಲದಿದ್ದರೆ ತಿದ್ದುಪಡಿ ಮಂಡನೆಯಾಗದೆ ಹೋಗುತ್ತದೆ. ಹಿಂದಿನ ದಿನದ ಶ್ರಮವೆಲ್ಲ ಅಲ್ಲಿಗೆ ಮುಗಿಯುತ್ತದೆ. ಅದಕ್ಕಾಗಿಯೇ ನಾಲ್ಕು ಗಂಟೆಯ ನಂತರ ಯಾರನ್ನೂ ಭೇಟಿಯಾಗಲು ಹೊರಬರಬೇಡಿ ಎಂದು ಅವರನ್ನು ಮೊದಲೇ ಕೇಳಿಕೊಂಡಿದ್ದೆ. ಅವರು ಎದ್ದು ಮಂಡಿಸಿದರು. ಧ್ವನಿಮತಕ್ಕೆ ಹಾಕಲಾಯಿತು. ಹೌದು ಎಂದವರ ಧ್ವನಿ ಕೇಳಿಸಿತು, ಇಲ್ಲ ಎಂದವರ ಧ್ವನಿ ಅದಕ್ಕಿಂತ ಜೋರಾಗಿತ್ತು, ತಿದ್ದುಪಡಿ ಬಿದ್ದುಹೋಯಿತು. ಎಲ್ಲ ಸೇರಿ ಒಂದು ನಿಮಿಷವೂ ಹಿಡಿಯಲಿಲ್ಲ. ಹೀಗೆಯೇ ಮತ ಹಾಕಬೇಕೆಂದು ಪಕ್ಷ ವಿಪ್ ಹೊರಡಿಸಿದ ಮೇಲೆ, 1985ರಲ್ಲಿ ಸಂವಿಧಾನಕ್ಕೆ ಸೇರಿದ, ಪಕ್ಷಾಂತರವನ್ನು ತಡೆಯುವ ಹತ್ತನೆಯ ಅನುಸೂಚಿಯ ಕಾರಣದಿಂದ ಆಡಳಿತ ಪಕ್ಷದ ಸದಸ್ಯರು ವಿರುದ್ಧವಾಗಿ ಮತ ಹಾಕುವ ಪ್ರಶ್ನೆಯೇ ಇರುವುದಿಲ್ಲ. ಫಲಿತಾಂಶ ನಮಗೆ ಹಿಂದಿನ ಸಂಜೆಯೇ ಗೊತ್ತಿತ್ತು.

ಮಸೂದೆಯನ್ನು ಅಂಗೀಕರಿಸುವ ಪ್ರಸ್ತಾವದ ಮೇಲೆ ಕೆಲವರು ಮತವಿಭಜನೆ ಕೇಳಿದರು. ಮೂರೂವರೆ ನಿಮಿಷದ ಗಂಟೆ ಮೊಳಗಿತು, ಮೊಗಸಾಲೆಗಳು ತೆರವಾದವು, ಹಸಿರು, ಕೆಂಪು, ಹಳದಿ ಗುಂಡಿಗಳ ಮೂಲಕ ಮತಗಳು ದಾಖಲಾದವು. ಮಸೂದೆ ಅಂಗೀಕಾರವಾಯಿತು.

ಆ ರಾತ್ರಿ ನಡವಳಿಯ ಕರಡು ಪ್ರತಿಯಲ್ಲಿ ನಮ್ಮ ಭಾಗವನ್ನು ಓದಿದೆ. ತಿದ್ದುಪಡಿಯ ಪೂರ್ಣ ಪಾಠ ಅಲ್ಲಿತ್ತು, ಪುಟ 6, ಸಾಲು 23 ಎಂದು ಸರಿಯಾಗಿಯೇ ಇತ್ತು, ಕೆಳಗೆ ಅಸ್ವೀಕೃತವಾಯಿತೆಂದು ನಮೂದಾಗಿತ್ತು. ಸಚಿವರ ಮಾತು ಸಹ ನಾನು ಬರೆದುಕೊಂಡಂತೆಯೇ ದಾಖಲಾಗಿತ್ತು. ಸದನದಲ್ಲಿ ಸಚಿವರು ಕೊಡುವ ಇಂಥ ಮಾತುಗಳನ್ನು ಸಂಸದೀಯ ವ್ಯವಹಾರಗಳ ಸಚಿವಾಲಯ ನಡವಳಿಯಿಂದ ಹೆಕ್ಕಿ ತೆಗೆಯುತ್ತದೆ. ಅವು ಮೂರು ತಿಂಗಳೊಳಗೆ ಈಡೇರಬೇಕು. ಈಡೇರಿದವೇ ಎಂದು ನೋಡಲು 1953ರಿಂದಲೂ ಲೋಕಸಭೆಯ ಸರ್ಕಾರಿ ಭರವಸೆಗಳ ಸಮಿತಿ ಇದೆ. ‘ನಿಯಮಗಳಲ್ಲಿ ಸೇರಿಸಲಾಗುವುದು’ ಎಂಬ ಆ ವಾಕ್ಯಕ್ಕೆ ಗುರುತು ಹಾಕಿ, ಸಚಿವರಿಗೆ ಬರೆಯಬೇಕಾದ ಪತ್ರದ ಕರಡನ್ನು ಸಂಸದರ ಮೇಜಿನ ಮೇಲಿಟ್ಟು, ಮೂರು ತಿಂಗಳ ಮುಂದಿನ ತಾರೀಖನ್ನು ಡೈರಿಯಲ್ಲಿ ಬರೆದುಕೊಂಡೆ.