ಕಡಿಮೆ ದುಡ್ಡಿನ ಎಲೆಕ್ಟ್ರಿಕ್ ಗಿಟಾರ್: ಮೊದಲು ಸ್ವರ ನೋಡಿ

ಧಾರವಾಡದ ಮಾಳಮಡ್ಡಿಯಲ್ಲಿ ಸಂಜೆ ಹೊತ್ತು ಗಿಟಾರ್ ಹೇಳಿಕೊಡುತ್ತೇನೆ. ಕಾಲೇಜು ಹುಡುಗರು ಬಂದು ಕೇಳುವುದು ಒಂದೇ ಪ್ರಶ್ನೆ: "ಸರ, ಹದಿನೈದು ಸಾವಿರದಾಗ ಯಾವ ಎಲೆಕ್ಟ್ರಿಕ್ ಗಿಟಾರ್ ತಗೊಳ್ಳಲ್ರಿ?"

ಸ್ಕ್ವಾಯರ್, ಯಮಹಾ, ಐಬಾನೆಜ್, ಕೋರ್ಟ್ ಎಲ್ಲವೂ ಕಲಿಯುವವರಿಗೆ ಸಾಕಾಗುವಂಥ ಗಿಟಾರ್ ಮಾಡುತ್ತವೆ. ಆದರೆ ಅಗ್ಗದ ಗಿಟಾರಿನಲ್ಲಿ ಒಂದೇ ಮಾಡೆಲ್‌ನ ಎರಡು ಪೀಸ್ ಒಂದೇ ತರ ಇರುತ್ತವೆ ಅಂತ ನಂಬಬೇಡಿ. ನಿಮ್ಮ ಕೈಗೆ ಬಂದಿದ್ದನ್ನೇ ಪರೀಕ್ಷೆ ಮಾಡಬೇಕು. ಆದಷ್ಟು ಹುಬ್ಬಳ್ಳಿಗೆ ಹೋಗಿ ಅಂಗಡಿಯಲ್ಲೇ ನುಡಿಸಿ ನೋಡಿ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕಳಿಸುವ ಗಡುವಿನೊಳಗೇ ಇದನ್ನು ಮುಗಿಸಿ.

ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಹಾಕಿದರೆ ಎಲ್ಲ ಗಿಟಾರೂ ಜೋರಾಗಿ, ಚೆಂದವಾಗಿ ಕೇಳಿಸುತ್ತದೆ. ಅದಕ್ಕೇ ಮೊದಲು ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಬೇಡ, ಸುಮ್ನೆ ನುಡಿಸಿ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳೇ ಫ್ರೆಟ್. ಪ್ರತಿ ತಂತಿಯನ್ನೂ ಒಂದೊಂದೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎಲ್ಲ ಕಡೆ ಸ್ವಲ್ಪ ಝರ್ ಅಂದರೆ ತಂತಿಯ ಎತ್ತರ ಸರಿ ಮಾಡಬಹುದು. ಒಂದೇ ಫ್ರೆಟ್‌ನಲ್ಲಿ ಸ್ವರ ಸತ್ತುಹೋದರೆ ಪಕ್ಕದ ಫ್ರೆಟ್ ಮೇಲೆದ್ದಿದೆ ಎಂದೇ ಲೆಕ್ಕ, ಬೇರೆ ಗಿಟಾರ್ ಕೇಳಿ. ಕುತ್ತಿಗೆಯ ಅಂಚಿನ ಮೇಲೆ ಬೆರಳು ಜಾರಿಸಿ. ನಮ್ಮ ಕಡೆ ಬೇಸಿಗೆಯ ಒಣಹವೆಗೆ ಕಟ್ಟಿಗೆ ಕುಗ್ಗಿ ಫ್ರೆಟ್ ತುದಿ ಹೊರಗೆ ಚಾಚುತ್ತದೆ. ಸ್ವಲ್ಪ ಚುಚ್ಚಿದರೆ ಅರ ಹಾಕಿ ತಿಕ್ಕಿಸಬಹುದು. ಆದರೆ ಕುತ್ತಿಗೆಯೇ ತಿರುಚಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಇನ್ನು ಸ್ವರ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಸಿತಾರಿನ ಪರದೆಯನ್ನು ಸರಿಸಿ ಸ್ವರ ಕೂಡಿಸಬಹುದು, ಗಿಟಾರಿನ ಫ್ರೆಟ್ ಅಲುಗುವುದಿಲ್ಲ. ಫೋನಿನಲ್ಲಿ ತಾನಪುರ ಆ್ಯಪ್ ಇದೆ ಅಲ್ವಾ? ಬಿಳಿ 3ಕ್ಕೆ (ಹಾರ್ಮೋನಿಯಂನ ಮೂರನೇ ಬಿಳಿ ಮನೆ) ಇಡಿ, ಅಂದರೆ ಪಾಶ್ಚಾತ್ಯ ಹೆಸರಿನಲ್ಲಿ ಇ (E). ಗಿಟಾರಿನ ಮೊದಲನೇ ಮತ್ತು ಆರನೇ ತಂತಿಯನ್ನು ಆ ಷಡ್ಜಕ್ಕೆ ಕೂಡಿಸಿ. 7ನೇ ಫ್ರೆಟ್‌ನಲ್ಲಿ ಪಂಚಮ, 12ನೇ ಫ್ರೆಟ್‌ನಲ್ಲಿ ತಾರ ಷಡ್ಜ ಬರಬೇಕು. ತಾರ ಷಡ್ಜ ಏರಿದ್ದರೆ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳನ್ನು ಹೊರುವ ಭಾಗ) ಮೇಲಿನ ಸ್ಯಾಡಲ್, ಅಂದರೆ ತಂತಿ ಕೂರುವ ಚಿಕ್ಕ ತುಂಡನ್ನು, ಕುತ್ತಿಗೆಯಿಂದ ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಕುತ್ತಿಗೆಯ ಕಡೆಗೆ ಮುಂದಕ್ಕೆ. ಒಂದು ಸ್ಕ್ರೂಡ್ರೈವರ್ ಅಥವಾ ಅಲೆನ್ ಕೀ ಸಾಕು. ಹೊಸ ತಂತಿ ಇದ್ದೂ, ಸ್ಯಾಡಲ್ ಕೊನೆಗೆ ಮುಟ್ಟಿದರೂ ಸ್ವರ ಕೂಡದಿದ್ದರೆ ಆ ಗಿಟಾರ್ ಬಿಟ್ಟುಬಿಡಿ.

ಹಿಂದುಸ್ತಾನಿ ಕೇಳಿ ಬೆಳೆದ ಕಿವಿಗೆ ಇಲ್ಲೊಂದು ತೊಡಕಿದೆ. 4ನೇ ಫ್ರೆಟ್‌ನ ಶುದ್ಧ ಗಾಂಧಾರ ತಾನಪುರದ ಜೊತೆ ಏರಿದ ಹಾಗೆ ಕೇಳಿಸುತ್ತದೆ. ಅದು ಗಿಟಾರಿನ ದೋಷವಲ್ಲ. ಗಿಟಾರಿನಲ್ಲಿ ಸಪ್ತಕವನ್ನು 12 ಸಮಪಾಲು ಮಾಡಿರುತ್ತಾರೆ. ಹಾಗಾಗಿ ಗಾಂಧಾರ ತಾನಪುರಕ್ಕೆ ಕೂಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ, ಅಂದರೆ ಅರ್ಧ ಸ್ವರದ (ಒಂದು ಫ್ರೆಟ್‌ನ ಅಂತರದ) ಏಳನೇ ಒಂದು ಪಾಲು. ಲಕ್ಷ ರೂಪಾಯಿಯ ಗಿಟಾರಿನಲ್ಲೂ ಹಾಗೇ.

ಈಗ ಆಂಪ್‌ಗೆ ಜೋಡಿಸಿ. ವಾಲ್ಯೂಮ್, ಟೋನ್ ತಿರುಗಿಸಿದಾಗ ಕರಕರ ಅಂದರೆ ಹೆಚ್ಚಾಗಿ ಧೂಳು, ಕ್ಲೀನರ್ ಸ್ಪ್ರೇಗೆ ಹೋಗುತ್ತದೆ. ಜ್ಯಾಕ್ (ಕೇಬಲ್ ಚುಚ್ಚುವ ಜಾಗ) ಸಡಿಲವಿದ್ದರೆ ಅಲ್ಲೇ ಬಿಗಿ ಮಾಡಿಸಿ. ಪಿಕಪ್ ಅಂದರೆ ತಂತಿಯ ಕೆಳಗಿದ್ದು ಅದರ ಕಂಪನವನ್ನು ವಿದ್ಯುತ್ತಾಗಿಸುವ ಭಾಗ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಸ್ವಲ್ಪ ಗುಂಯ್‌ಗುಡುವುದು ಸಹಜ, ತಂತಿ ಮುಟ್ಟಿದರೆ ಅದು ಕಡಿಮೆಯಾಗಬೇಕು. ಮುಟ್ಟಿದಾಗ ಜಾಸ್ತಿಯಾದರೆ ಒಳಗೆ ವೈರಿಂಗ್ ಸರಿ ಇಲ್ಲ.

ಅಲ್ಲಾಡಿಸುವ ಕೋಲಿರುವ ಬ್ರಿಡ್ಜ್ ಅಗ್ಗದ ಗಿಟಾರಿನಲ್ಲಿ ಶ್ರುತಿ ಬೇಗ ತಪ್ಪಿಸುತ್ತದೆ. ಗಟ್ಟಿಯಾಗಿ ಕೂರಿಸಿದ ಬ್ರಿಡ್ಜ್ ಇರುವುದೇ ಇರಲಿ. ಎಲ್ಲ ದುಡ್ಡನ್ನೂ ಗಿಟಾರಿಗೇ ಸುರಿಯಬೇಡಿ. ಚಿಕ್ಕ ಆಂಪ್, ಕೇಬಲ್, ಒಂದು ಸೆಟ್ ತಂತಿಗೆ ಕಾಲುಭಾಗ ಎತ್ತಿಡಿ. ಶುರುವಿಗೆ 9 ಗೇಜ್ (ತೆಳು) ತಂತಿ ಹಾಕಿ, ಬೆರಳಿಗೆ ಹಗುರ. ತಂತಿಯ ದಪ್ಪ ಬದಲಾದ ಮೇಲೆ 12ನೇ ಫ್ರೆಟ್‌ನ ಷಡ್ಜವನ್ನು ಮತ್ತೊಮ್ಮೆ ಕೂಡಿಸಿಕೊಳ್ಳಿ.