ಪಕ್ಕದ ಮನೆಯ ತೂಕ ಹಾಕಿದ್ದು

ಬೆಂಗಳೂರಿನಲ್ಲಿ ಒಂದು 30×40 ಸೈಟು. ಬೇಸ್‌ಮೆಂಟಿಗೆ 10 ಅಡಿ ಅಗೆಯಬೇಕಿತ್ತು. ಪಕ್ಕದಲ್ಲೇ ಹಳೇ ಎರಡಂತಸ್ತಿನ ಮನೆ, ಕಾಲಂ ಒಂದೂ ಇಲ್ಲ, ಎಲ್ಲ ಭಾರವೂ 9 ಇಂಚಿನ ಇಟ್ಟಿಗೆ ಗೋಡೆ ಮೇಲೆ. ನಮ್ಮ ಬೇಸ್‌ಮೆಂಟ್ ಗೋಡೆಯ ಡ್ರಾಯಿಂಗಿನಲ್ಲಿ ಆ ಮನೆ ಕಡೆಯ ಭಾರ ಅಂತ ಚದರ ಮೀಟರಿಗೆ 2 ಟನ್ ಹಿಡಿದಿದ್ದರು. ನನಗ್ಯಾಕೋ ಸಮಾಧಾನ ಆಗಲಿಲ್ಲ, ಟೇಪು ಹಿಡಿದು ಆ ಮನೆಯ ತಾರಸಿಗೇ ಹೋದೆ.

ತಾರಸಿ ಅಂಚಿನ ಗೋಡೆ, ಅಂದ್ರೆ ಪ್ಯಾರಪೆಟ್, ಹೊರಗಿನಿಂದ ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಮೇಲೆ 3 ಅಡಿ, ಒಳಗಿನಿಂದ ಅಳೆದರೆ 2 ಅಡಿ 4 ಇಂಚು. ಅಂದ್ರೆ ಸೋರದಿರಲಿ ಅಂತ ಮೋಲ್ಡಿನ ಮೇಲೆ ಹಾಕೋ ಗಾರೆ, ಸುರ್ಕಿ, 8 ಇಂಚು! ಮನೆಯ ಅಜ್ಜಿಯನ್ನು ಕೇಳಿದೆ. 'ಸೋರ್ತಿತ್ತು ಕಣಪ್ಪ, ಹಳೇದು ಕೀಳದೆ ಅದರ ಮೇಲೇ ಇನ್ನೊಂದು ಸಲ ಹಾಕಿಸಿದ್ವಿ' ಅಂದರು. ನಾನು 4 ಇಂಚು ಅಂತ ಲೆಕ್ಕ ಹಾಕಿಕೊಂಡಿದ್ದೆ. 40 ಅಡಿ ಗೋಡೆಗೆ ಅದೊಂದರಿಂದಲೇ ಮೂರೂವರೆ ಟನ್ನಿಗೂ ಹೆಚ್ಚು ಭಾರ ಏರಿತು.

ಆಮೇಲೆ ಮೇಲಿನಿಂದ ಕೆಳಕ್ಕೆ ಒಂದು ಮೀಟರ್ ಉದ್ದದ ಗೋಡೆಗೆ ಕೂಡಿಸುತ್ತಾ ಬಂದೆ. ಕಾಂಕ್ರೀಟಿಗೆ ಘನ ಮೀಟರಿಗೆ 2500 ಕೆಜಿ, ಇಟ್ಟಿಗೆ ಗೋಡೆಗೂ ಗಾರೆಗೂ 2000. ರೂಮು 3 ಮೀಟರ್ ಅಗಲ ಇದ್ದಿದ್ದರಿಂದ ಮೋಲ್ಡಿನ ಅರ್ಧ, ಒಂದೂವರೆ ಮೀಟರ್, ಈ ಗೋಡೆಯ ಪಾಲು. ಪ್ಯಾರಪೆಟ್ 250 ಕೆಜಿ. 5 ಇಂಚಿನ ಮೋಲ್ಡು, ಸುರ್ಕಿ ಸೇರಿ ತಾರಸಿ 1050. ಮಧ್ಯದ ಮೋಲ್ಡು ನೆಲಹಾಸಿನ ಜೊತೆ 650. ಎರಡೂ ಅಂತಸ್ತಿನ ಗೋಡೆ 3050, ಎಲ್ಲಕ್ಕಿಂತ ದೊಡ್ಡ ಪಾಲು ಇದೇ. ತುಂಬಾ ಜನ ಮೋಲ್ಡನ್ನೇ ನೋಡ್ತಾರೆ, ಗೋಡೆ ಮರೀತಾರೆ. ಪಾಯದ ಪಕ್ಕ ಸಣ್ಣ ಗುಂಡಿ ತೋಡಿಸಿದಾಗ ಸೈಜುಗಲ್ಲು ಸಿಕ್ಕಿತು, 2 ಅಡಿ ಅಗಲ, 3 ಅಡಿ ಆಳ, ಅದರದ್ದು 1300. ಒಟ್ಟು 6300 ಕೆಜಿ. ಜನ, ಸಾಮಾನು, ನೀರಿನ ಟ್ಯಾಂಕ್ ಬೇರೆ.

ಆ 6.3 ಟನ್ ಕೂತಿರೋದು ಬರೀ 2 ಅಡಿ ಅಗಲದ ಮೇಲೆ. ಚದರ ಮೀಟರಿಗೆ ಹತ್ತು ಟನ್ನಿಗೂ ಜಾಸ್ತಿ ಆಯ್ತು. ಎಲ್ಲಿ 2, ಎಲ್ಲಿ ಹತ್ತು! ಅದೂ ನಮ್ಮ ಗುಂಡಿ ಆ ಪಾಯಕ್ಕಿಂತ 7 ಅಡಿ ಕೆಳಗೆ ಹೋಗುತ್ತೆ, ಆ ಭಾರ ಮಣ್ಣಿನ ಮೂಲಕ ನಮ್ಮ ಬೇಸ್‌ಮೆಂಟ್ ಗೋಡೆಯನ್ನು ತಳ್ಳುತ್ತೆ.

ಲೆಕ್ಕದ ಹಾಳೆ ಡಿಸೈನರ್ ಮುಂದೆ ಇಟ್ಟೆ. ಬೇಸ್‌ಮೆಂಟ್ ಗೋಡೆ ದಪ್ಪ ಮಾಡಿದರು, ಕಂಬಿ ಹೆಚ್ಚಿಸಿದರು. ಆ ಕಡೆ ಜೆಸಿಬಿ ಬಿಡಲಿಲ್ಲ, 4 ಅಡಿ ಅಗಲದ ತುಂಡುಗಳನ್ನಾಗಿ ಮಾಡಿ, ಒಂದು ಬಿಟ್ಟು ಒಂದು ಕೈಯಲ್ಲೇ ಅಗೆಸಿ, ಅಲ್ಲಿ ಕಾಂಕ್ರೀಟ್ ಗಟ್ಟಿಯಾದ ಮೇಲೇ ಮಧ್ಯದ್ದಕ್ಕೆ ಕೈ ಹಾಕಿದೆವು. ಅಜ್ಜಿಯ ಮನೆಯಲ್ಲಿ ಮೊದಲೇ ಇದ್ದ ಮೂರು ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ (ಬಿರುಕು ಅಗಲವಾದರೆ ಗಾಜು ಒಡೆದು ಗೊತ್ತಾಗುತ್ತೆ), ದಿನಾ ಬೆಳಿಗ್ಗೆ ನಾನೇ ಹೋಗಿ ನೋಡಿ ಬರುತ್ತಿದ್ದೆ.