ಕ್ಯಾಂಡೀಸ್ ಹಾಡು ಕೇಳಲು ಶುರು ಮಾಡುವುದು ಹೀಗೆ

ಕ್ಯಾಂಡೀಸ್ ಅಂದರೆ 1970ರ ದಶಕದ ಜಪಾನಿನ ಮೂವರು ಹುಡುಗಿಯರ ಹಾಡಿನ ಗುಂಪು. ಮೊದಲು ಇಯರ್‌ಫೋನ್ ಹಾಕಿಕೊಳ್ಳಿ. ನಾನು ಕಾರವಾರದ ಟಾಗೋರ್ ಕಡಲತೀರದಲ್ಲಿ ಕೂತು ಫೋನಿನ ಸ್ಪೀಕರಿನಲ್ಲೇ ಕೇಳಿದ್ದೆ. ಅಲೆಗಳ ಸದ್ದಿಗೆ ಮೂರು ದನಿಯೂ ಕಲಸಿಹೋಯಿತು. ರಾನ್, ಸೂ, ಮಿಕಿ. ಮೂವರ ದನಿ ಬೇರೆಬೇರೆಯಾಗಿ ಕೇಳಿದರೇ ಸೊಗಸು, ಅಲ್ವಾ?

1973ರ ಮೊದಲ ಹಾಡಿನಲ್ಲಿ ನಡುವೆ ನಿಂತು ಮುಖ್ಯವಾಗಿ ಹಾಡಿದ್ದು ಸೂ. ಅದಾದ ಮೇಲೆ ಸೀದಾ 1975ಕ್ಕೆ ಬನ್ನಿ. ಆ ವರ್ಷ ರಾನ್ ನಡುವಿಗೆ ಬಂದರು, ಗುಂಪಿಗೆ ಹೆಸರೂ ಜಾಸ್ತಿಯಾಯಿತು. ಒಂದೇ ಹಾಡನ್ನು ಮೂರು ಸಲ ಕೇಳಿ. ಪ್ರತಿ ಸಲ ಒಬ್ಬರ ದನಿಯನ್ನೇ ಹಿಂಬಾಲಿಸಿ. ಜಪಾನೀ ಭಾಷೆ ಬರದಿದ್ದರೂ ತೊಂದರೆಯಿಲ್ಲ.

ಕೊನೆಯ ಕಾರ್ಯಕ್ರಮವನ್ನು ಕೊನೆಗೇ ಇಡಿ. 1978ರ ಏಪ್ರಿಲ್ 4, ಟೋಕಿಯೊದ ಕೊರಾಕುಯೆನ್ ಮೈದಾನ, ಸುಮಾರು 50,000 ಜನ. ಗುಂಪು ಬಿಟ್ಟು ಸಾಮಾನ್ಯ ಹುಡುಗಿಯರಾಗುವ ಆಸೆಯನ್ನು ಅವರು 1977ರಲ್ಲೇ ವೇದಿಕೆಯಲ್ಲಿ ಹೇಳಿಕೊಂಡಿದ್ದರು. ಇದನ್ನು ಮಾತ್ರ ಒಬ್ಬರೇ ಕೂತು ಕೇಳಿ.